ಅನುಸೂಯಮ್ಮನ ಕ್ಲಿಪ್ಪು, ಬಿಂದುವಿನ ಗಾಳಿಪಟ

ಬೆಳಿಗ್ಗೆ ಆರೂವರೆ. ಜಾಲಹಳ್ಳಿಯ ಈ ಒಳರಸ್ತೆಯಲ್ಲಿ ಹಾಲಿನ ಬೂತ್ ಬಿಟ್ಟರೆ ಬಾಗಿಲು ತೆರೆದಿರುವುದು ಮಕ್ಕಳ ಥೆರಪಿ ಕೇಂದ್ರವೊಂದೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅನುಸೂಯಮ್ಮ ನೆಲ ಒರೆಸುತ್ತಿದ್ದಾರೆ. ನಾನು ಹೊಸಿಲು ದಾಟುವ ಮೊದಲೇ ಆಜ್ಞೆ ಹೊರಡುತ್ತದೆ: “ಅಲ್ಲೇ ನಿಂತ್ಕಳಿ ಸಾರ್, ಒಣಗ್ಲಿ.” ಪತ್ರಿಕೆಯವನು ಎಂದರೂ ರಿಯಾಯಿತಿ ಇಲ್ಲ. ತೆಪ್ಪಗೆ ನಿಲ್ಲುತ್ತೇನೆ.

ನೆಲ ಮುಗಿಸಿ ಮೇಜಿನ ಬಳಿ ಬರುತ್ತಾರೆ. ಅಲ್ಲೊಂದು ಕಂಪ್ಯೂಟರ್, ಹೊಟ್ಟೆಗೆ ಕಟ್ಟುವ ಬೆಲ್ಟು, ಬೆರಳಿಗೆ ಹಾಕುವ ಪುಟ್ಟ ಕ್ಲಿಪ್ಪು. ಇದಕ್ಕೆ ಬಯೋಫೀಡ್‌ಬ್ಯಾಕ್ ಎನ್ನುತ್ತಾರೆ. ಮಗುವಿನ ಎದೆಬಡಿತ, ಉಸಿರಾಟಗಳನ್ನು ಹಿಡಿದು ತೆರೆಯ ಮೇಲೆ ಗಾಳಿಪಟವಾಗಿ ತೋರಿಸುವ ವಿಧಾನ. ಉಸಿರು ನಿಧಾನವಾದರೆ ಪಟ ಮೇಲೇರುತ್ತದೆ, ಗಾಬರಿಯಾದರೆ ಇಳಿಯುತ್ತದೆ. ಬೆಲ್ಟು ಕಟ್ಟುವುದು, ಒಂದು ಮಗು ಎದ್ದ ಮೇಲೆ ಇನ್ನೊಂದಕ್ಕೆ ಕ್ಲಿಪ್ಪು ಒರೆಸಿಡುವುದು, ಅಳುವವರನ್ನು ನಗಿಸುವುದು, ಎಲ್ಲವೂ ಅನುಸೂಯಮ್ಮನ ಪಾಲಿಗೆ. ದಿನಕ್ಕೆ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ.

ಪೀಣ್ಯದ ಪಕ್ಕದ ಹಳ್ಳಿಯ ಮನೆತನ ಅವರದು. ತಾತನ ರಾಗಿ ಹೊಲವಿದ್ದಲ್ಲಿ ಈಗ ಲೇತ್ ಮಷೀನುಗಳು ತಿರುಗುತ್ತಿವೆ. ಅಂಥದ್ದೇ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳ ಎಣ್ಣೆ ಒರೆಸಿ ಪ್ಯಾಕ್ ಮಾಡುತ್ತಲೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು. ಗಂಡ ತೀರಿಕೊಂಡ ಮೇಲೂ ಶಿಫ್ಟ್ ಬಿಡಲಿಲ್ಲ. “ಚೂರು ಎಣ್ಣೆ ಕಂಡ್ರೂ ಸೂಪರ್‌ವೈಸರು ಬಾಕ್ಸೇ ವಾಪಸ್ ಕಳ್ಸೋನು. ಕೈ ಅಂಗೇ ಒಗ್ಗೋಯ್ತು,” ಎನ್ನುತ್ತಾರೆ. ಕಾರ್ಖಾನೆ ಮುಚ್ಚಿತು. ಒರೆಸಿ ಪಳಗಿದ ಕೈ ಇಲ್ಲಿಗೆ ಬಂತು, ಬಂದು ಒಂದು ಎಡವಟ್ಟನ್ನೂ ಮಾಡಿತು.

ಅದು ಒಂಬತ್ತು ವರ್ಷದ ಹುಡುಗಿಯೊಬ್ಬಳ ವಿಷಯದಲ್ಲಿ. ನಿಜವಾದ ಹೆಸರು ಬೇಡ, ಬಿಂದು ಎನ್ನೋಣ. ಅವಳಿಗೆ ಒಸಿಡಿ ಎಂಬ ಗೀಳಿನ ಕಾಯಿಲೆ. ಕೈಗೆ ಕೊಳೆ ಅಂಟಿದೆ ಎಂಬ ಯೋಚನೆ ಬಿಡುವುದೇ ಇಲ್ಲ, ಎಷ್ಟು ತೊಳೆದರೂ. ಶಾಲೆಯಲ್ಲಿ ಊಟದ ಬೆಲ್ ಹೊಡೆದರೆ ಗೆಳತಿಯರು ಡಬ್ಬಿ ಬಿಚ್ಚುತ್ತಾರೆ, ಇವಳು ನಲ್ಲಿಯ ಮುಂದೆ ನಿಲ್ಲುತ್ತಾಳೆ. ವಾಪಸ್ ಬರುವಷ್ಟರಲ್ಲಿ ಊಟದ ಹೊತ್ತೇ ಮುಗಿದಿರುತ್ತದೆ. ಗೆಳತಿಯರ ಜೊತೆ ಕೂತು ಉಣ್ಣಬೇಕು ಎಂಬುದೊಂದೇ ಅವಳ ಆಸೆ.

ಮೊದಲ ದಿನ, ಬೇರೆಯವರ ಬೆರಳಿಗೆ ಹಾಕಿದ್ದು ಎಂದು ಬಿಂದು ಕ್ಲಿಪ್ಪನ್ನು ಮುಟ್ಟಲೇ ಇಲ್ಲ. ಅನುಸೂಯಮ್ಮನಿಗೆ ಪಾಪ ಎನಿಸಿತು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರು. “ಇನ್ನೊಂದ್ಸಲ ಆಂಟಿ.” ಮತ್ತೆ ಒರೆಸಿದರು. ಮತ್ತೆ, ಮತ್ತೆ. ಹತ್ತಿ ಮುಗಿಯಿತು, ಹೊತ್ತೂ ಮುಗಿಯಿತು, ಗಾಳಿಪಟ ಮಾತ್ರ ನೆಲ ಬಿಟ್ಟು ಏಳಲಿಲ್ಲ.

ಥೆರಪಿಸ್ಟ್ ದಿವ್ಯಾ ಅವರು ಅನುಸೂಯಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಗು ಕೇಳಿದಾಗಲೆಲ್ಲ ಒರೆಸಿದರೆ, ಅಲ್ಲಿ ಕೊಳೆ ಇದ್ದದ್ದು ನಿಜ ಎಂದು ನಾವೇ ಒಪ್ಪಿಕೊಂಡಂತೆ. ಭಯ ಇನ್ನೂ ಬಲಿಯುತ್ತದೆ. ಯಂತ್ರದ ಬಗ್ಗೆಯೂ ದಿವ್ಯಾ ಬಡಾಯಿ ಕೊಚ್ಚುವುದಿಲ್ಲ. “ಇದೊಂದರಿಂದಲೇ ವಾಸಿ ಆಗಲ್ಲ ಸರ್. ಭಯ ಆದ್ರೂ ಕೈ ತೊಳೀದೆ ತಡ್ಕೊಳ್ಳೋದನ್ನ ಕಲಿಸ್ಬೇಕು, ಅದೇ ಮುಖ್ಯ ಚಿಕಿತ್ಸೆ. ಆ ಹೊತ್ತಲ್ಲಿ ಉಸಿರು ಹಿಡಿತಕ್ಕೆ ತರೋಕೆ ಇದು ಜೊತೆಗಿರುತ್ತೆ. ಪ್ರಯತ್ನ ಮಾಡಿ ನೋಡ್ತಿದೀವಿ,” ಎನ್ನುತ್ತಾರೆ.

ಮುಂದಿನ ಸಲ ಅನುಸೂಯಮ್ಮ ಒಮ್ಮೆ ಒರೆಸಿ ಹತ್ತಿಯನ್ನು ಎಸೆದರು. ಬಿಂದು ಅತ್ತಳು. “ನಂಗೂ ಒಳ್ಗೇ ಅಳು ಸಾರ್. ಕೈ ಸುಮ್ನಿರ್ತಿರ್ಲಿಲ್ಲ. ಎಲ್ಡೂ ಕೈನ ತೊಡೆ ಕೆಳಗೆ ಇಟ್ಕಂಡು ಗಟ್ಟಿಯಾಗಿ ಕುಂತ್ಬಿಟ್ಟೆ!” ಅಳುತ್ತಿದ್ದ ಬಿಂದುವಿಗೆ ಅದನ್ನು ನೋಡಿ ನಗು ಬಂತು. ಸ್ವಲ್ಪ ಹೊತ್ತಿಗೆ ಬೆರಳು ಮುಂದೆ ಬಂತು. ಪಟ ಎರಡು ಸಲ ಮುಗ್ಗರಿಸಿ, ಆಮೇಲೆ ಮೆಲ್ಲಗೆ ಎದ್ದಿತು.

ಅದೆಲ್ಲ ಕೆಲವು ತಿಂಗಳ ಹಿಂದಿನ ಮಾತು. ನಾವು ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ಸ್ಕೂಟರ್ ನಿಲ್ಲುತ್ತದೆ. ಯೂನಿಫಾರ್ಮ್ ತೊಟ್ಟ ಬಿಂದು ಅಪ್ಪನನ್ನು ಹಿಂದೆ ಬಿಟ್ಟು ಓಡಿ ಬರುತ್ತಾಳೆ. “ಆಂಟಿ, ನಿನ್ನೆ ಊಟದ ಟೈಮ್ ಮುಗಿಯೋ ಬೆಲ್ ಆಗೋಕೆ ಮುಂಚೆ ಡಬ್ಬಿ ಖಾಲಿ! ಫ್ರೆಂಡ್ ಡಬ್ಬಿಯಿಂದ ಪುಳಿಯೋಗರೆನೂ ತಿಂದೆ. ಕೈಯಲ್ಲೇ!”

“ಇವತ್ತು ಮತ್ತೆ ನಲ್ಲಿ ಹತ್ರ ನಿಂತ್ರೂ ನಿಲ್ಲಬಹುದು,” ಎಂದು ಅಪ್ಪ ಹುಷಾರಾಗಿ ಹೇಳುತ್ತಾರೆ. ಆದರೆ ಅವರ ಮುಖದ ನಗು ಆ ಮಾತನ್ನು ಕೇಳುತ್ತಲೇ ಇಲ್ಲ. ನನಗೂ, ಬೆಳಿಗ್ಗೆ ಬೆಳಿಗ್ಗೆಯೇ, ಸಂತೋಷವಾಗುತ್ತದೆ.

ಬಿಂದು ಒಳಗೆ ಹೋದ ಮೇಲೆ ಅನುಸೂಯಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ನನ್ನ ಕಡೆ ತಿರುಗುತ್ತಾರೆ.

“ಜೀವ್ಮಾನ ಎಲ್ಲ ಒರೆಸ್ಕಂಡೇ ಬಂದೆ ಸಾರ್, ಯಾರೂ ಶಭಾಷ್ ಅನ್ಲಿಲ್ಲ. ಒರೆಸ್ದೆ ಸುಮ್ನೆ ಕುಂತಿದ್ದಕ್ಕೆ ಒಂದು ಮಗು ಊಟ ಮಾಡ್ತು ನೋಡಿ!”