ವಿಷ್ಣುಪ್ರಿಯಾ ಅಕ್ಕನ ಎಡಗೈ

ಆದೋನಿಯ ನಮ್ಮ ಓಣಿಯಲ್ಲಿ ಪ್ರತಿ ಗುರುವಾರ ಸಂಜೆ ಕಾವೇರಿಬಾಯಿಯವರ ಮನೆಯಲ್ಲಿ ಭಜನೆ ಇರುತ್ತದೆ. ಅವರ ಮಗಳ ಮಗಳು ವಿಷ್ಣುಪ್ರಿಯಾ ಅಕ್ಕ ಬೆಳೆದದ್ದು ಆ ಮನೆಯಲ್ಲೇ. ಅಜ್ಜಿ ಹಾಡುತ್ತಿದ್ದರು, ಅಕ್ಕ ಹಾರ್ಮೋನಿಯಂ ನುಡಿಸುತ್ತಿದ್ದರು. ಬಲಗೈ ಸ್ವರಗಳ ಮೇಲೆ, ಎಡಗೈ ಹಿಂದಿನ ತಿದಿಯ ಮೇಲೆ. ಚಿಕ್ಕಂದಿನಿಂದ ಆ ಎಡಗೈಗೆ ಗಾಳಿ ಹಾಕುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ.

ಪಿಯಾನೋ ಸಿಕ್ಕಿದ್ದು ಶಾಲೆಯ ಹಾಲ್‌ನಲ್ಲಿ. ಅದನ್ನು ಕಲಿಸುತ್ತಿದ್ದವರು ಸುವಾರ್ತಮ್ಮ ಟೀಚರ್. ಮೊದಲ ದಿನ ಅಕ್ಕನ ಬಲಗೈ ಸ್ವರ ಹಿಡಿಯಿತು. ಎಡಗೈ ಮಾತ್ರ ಬರಿಗಾಳಿಯಲ್ಲಿ ಹಿಂದೆ ಮುಂದೆ ಆಡತೊಡಗಿತು.

“ಯಾರಿಗೆ ಗಾಳಿ ಬೀಸಾಕತ್ತೀ ತಲ್ಲಿ? ನನಗೇನು ಸೆಕಿ ಆಗಿಲ್ಲ” ಎಂದರು ತೆಲುಗು ಮನೆಮಾತಿನ ಟೀಚರ್. ಮಕ್ಕಳೆಲ್ಲ ನಕ್ಕರು.

ಆ ಕೈಯನ್ನು ಪಳಗಿಸಲು ವರ್ಷಗಳೇ ಹಿಡಿದವು. ಮನೆಗೆ ಬಂದು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಎಡಗೈ ಬೆರಳುಗಳನ್ನಷ್ಟೇ ಆಡಿಸುತ್ತಿದ್ದರಂತೆ. “ಮುಚ್ಚಳ ಸೊಟ್ಟ ಮಾಡಿದಿ ನೋಡು, ಇರುವಿ ಹೊಕ್ಕಾವ” ಎಂದು ಅಜ್ಜಿ ಬೈಯುತ್ತಿದ್ದರು.

ಮುಂದೆ ಅಕ್ಕ ಚೆನ್ನೈಯಲ್ಲಿ ಕಲಿತರು. ಈಗ ಹೈದರಾಬಾದ್, ಪುಣೆಯ ದೊಡ್ಡ ಸಭಾಂಗಣಗಳಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿ ಕೊಡುತ್ತಾರೆ. ಅವರ ಎಡಗೈಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಮಡಿಯ ಅಜ್ಜಿ ಊರು ದಾಟುವವರಲ್ಲ. ಫೋನಿನಲ್ಲಿ ಕೇಳಿಸಿದರೆ ಅರ್ಧಕ್ಕೇ ಕೆಳಗಿಡುತ್ತಿದ್ದರು.

ಹೋದ ಚಳಿಗಾಲ ಶಾಲೆಯವರು ಅದೇ ಹಾಲ್‌ನಲ್ಲಿ ಅಕ್ಕನ ಕಛೇರಿ ಇಟ್ಟರು. ಅಕ್ಕನಿಗೆ ಇದ್ದದ್ದು ಒಂದೇ ಆಸೆ.

“ಮುಗಿಯೂ ತನಕ ಕೂಡ್ತೀಯಾ ಅಜ್ಜಿ?”

“ಹಾಡಿಲ್ಲ, ದೇವರ ಹೆಸರಿಲ್ಲ. ಮುಗೀತು ಅಂತ ಹೆಂಗ ತಿಳೀಬೇಕವಾ? ನಿದ್ದಿ ಬಂದ್ರ ಎದ್ದು ಬರ್ತೀನಿ, ಸಿಟ್ಟಾಗಬ್ಯಾಡ.”

ಓಣಿಯೆಲ್ಲ ಹೋಯಿತು. ಅಕ್ಕ ಶುರು ಮಾಡುತ್ತಲೇ ಜನ ಭಜನೆಯ ರೂಢಿಯಂತೆ ಚಪ್ಪಾಳೆಯಲ್ಲಿ ತಾಳ ಹಾಕತೊಡಗಿದರು. ಅಜ್ಜಿಯೂ ಹಾಕಿದರು. ಆದರೆ ಆ ಸಂಗೀತ ನಡುವೆ ನಿಧಾನವಾಗುತ್ತದೆ, ಮತ್ತೆ ಓಡುತ್ತದೆ. ಚಪ್ಪಾಳೆಗಳು ಒಂದೊಂದು ಕಡೆಗೆ ಚೆದುರಿದವು. ಅಜ್ಜಿ ಕೈ ಇಳಿಸಿ, ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು.

ಹೂ ಕಟ್ಟುವ ಭೀಮಕ್ಕ ತಡೆಯಲಾರದೆ ಕೂಗಿದಳು: “ಯವ್ವಾ, ಸಾವಕಾಶ ಮಾಡೂದಿದ್ರ ಮೊದಲ ಹೇಳಬೇಕವ್ವಾ! ನಮ್ಮ ಕೈ ಎಲ್ಲಿ ಇಡೂನು?”

ಹಾಲ್ ನಕ್ಕಿತು. ಅಕ್ಕ ನುಡಿಸುವುದನ್ನು ನಿಲ್ಲಿಸಿದರು. ದೊಡ್ಡ ಊರುಗಳಲ್ಲಿ ಕಛೇರಿಯ ನಡುವೆ ಯಾರಾದರೂ ಕೆಮ್ಮಿದರೂ ತಿರುಗಿ ನೋಡುತ್ತಾರೆ. ಅಕ್ಕನಿಗೂ ಆ ಮೌನವೇ ರೂಢಿ. ಆದರೂ ಅವರು ಎದ್ದು ಬಂದು ಅಜ್ಜಿಯ ಕೈ ಹಿಡಿದು ಕರೆದೊಯ್ದು, ಪಿಯಾನೋದ ಎಡಬದಿಗೆ ಕುರ್ಚಿ ಹಾಕಿ ಕೂರಿಸಿದರು.

“ತಾಳ ಬಿಡಬ್ಯಾಡ್ರಿ. ನನ್ನ ಎಡಗೈ ನೋಡಿಕೋತ ಹಾಕ್ರಿ, ಸಾಕು” ಎಂದರು ಎಲ್ಲರಿಗೂ.

ಜನ ಕುರ್ಚಿ ಎಳೆದುಕೊಂಡು ಎಡಕ್ಕೆ ಸರಿದರು. ಮೊದಲಿನಿಂದ ಶುರುವಾಯಿತು. ಎಡಗೈ ನಿಧಾನವಾದರೆ ಚಪ್ಪಾಳೆಯೂ ನಿಧಾನ, ಅದು ಓಡಿದರೆ ಇದೂ ಓಡಿತು. ಕೆಲವರು ತಪ್ಪಿದರು, ನಗುತ್ತಾ ಮತ್ತೆ ಹಿಡಿದರು. ಅಜ್ಜಿ ಮಾತ್ರ ಸ್ವಲ್ಪ ಹೊತ್ತಿಗೆ ತಾಳ ಮರೆತರು. ಕೊನೆಯ ಸ್ವರ ಆರುವವರೆಗೂ ಬಾಗಿಲ ಕಡೆ ತಿರುಗದೆ ಆ ಐದು ಬೆರಳುಗಳನ್ನೇ ನೋಡುತ್ತಾ ಕೂತಿದ್ದರು.

“ಇಷ್ಟು ಮಾತು ಬರೂ ಕೈಗೆ ನಾ ಬರೇ ಗಾಳಿ ಹಾಕಿಸಿದ್ನಲ್ಲೇ” ಎಂದರು ಆಮೇಲೆ, ಅಕ್ಕನ ಎಡಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು.

ಅದರ ಮುಂದಿನ ಗುರುವಾರ ಭಜನೆಗೆ ಅಕ್ಕ ಹಾರ್ಮೋನಿಯಂ ಮುಂದೆ ಕೂತು ಎಡಗೈಯನ್ನು ತಿದಿಗೆ ಒಯ್ದರು. ಅಜ್ಜಿ ಆ ಕೈ ಸರಿಸಿ, ಎದುರು ಬಂದು ಕೂತರು.

“ನೀ ಎರಡೂ ಕೈ ನುಡಿಸು. ಗಾಳಿ ನಾ ಹಾಕ್ತೀನಿ.”

ಹಾಡು ಏರಿತು. ಅಕ್ಕನ ಎರಡೂ ಕೈಗಳು ಸ್ವರಗಳ ಮೇಲೆ ಓಡಾಡಿದವು. ಹಾಡಿನಲ್ಲಿ ಮುಳುಗಿದ ಅಜ್ಜಿ ಕಣ್ಣು ಮುಚ್ಚಿದರು, ಕೈ ನಿಂತಿತು, ಹಾರ್ಮೋನಿಯಂ ಸಣ್ಣಗೆ ನರಳಿ ಸುಮ್ಮನಾಯಿತು.

“ಗಾಳಿ, ಅಮ್ಮಾರೇ, ಗಾಳಿ!” ಎಂದು ಮನೆಮುಂದಿನ ಕಟ್ಟೆಯ ಮೇಲಿಂದ ಭೀಮಕ್ಕ ಕೂಗಿದಳು.