ಸೌಟಮ್ಮ ಕೂತು ತಿಂದದ್ದು

ನರ್ಸುಗಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಒಂದೇ ಒಂದು ಕುರ್ಚಿ ಇರಲಿಲ್ಲ. ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಪಾತ್ರೆಗಳಿದ್ದವು, ಗೋಡೆಯ ಮೊಳೆಗಳಿಗೆ ಹದಿನಾಲ್ಕು ಸೌಟುಗಳು ನೇತಾಡುತ್ತಿದ್ದವು, ಕೂರುವುದಕ್ಕೆ ಮಾತ್ರ ಏನೂ ಇರಲಿಲ್ಲ. ಇನ್ನೂರು ಜನರಿಗೆ ಬಡಿಸಿ, ಕಿಟಕಿಯ ಶಟರ್ ಎಳೆದ ಮೇಲೆ, ಅಡುಗೆಯವಳು ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಟ್ಟೆಗೆ ಕೆರೆದುಕೊಂಡು, ಸಿಂಕಿಗೆ ಒರಗಿ ನಿಂತು ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುವುದು ಅಲ್ಲಿನ ಪದ್ಧತಿ. ಇದನ್ನು ಯಾರು ಶುರುಮಾಡಿದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೂತು ಉಣ್ಣುವವರೇ ಮಾಡಿದ್ದಿರಬೇಕು, ಇನ್ಯಾರು?

ಆ ಅಡುಗೆಯವಳಿಗೆ ಹಾಸ್ಟೆಲಿನ ಹುಡುಗಿಯರು ಸೌಟಮ್ಮ ಎಂದು ಹೆಸರಿಟ್ಟಿದ್ದರು. ಸೌಟು ಹಿಡಿದೇ ಮಾತಾಡುತ್ತಿದ್ದಳು, ಸೌಟು ಹಿಡಿದೇ ಬೈಯುತ್ತಿದ್ದಳು. ಒಮ್ಮೆ ವಾರ್ಡನ್ನಿನ ಮೂಗಿನ ಮುಂದೆಯೇ ಸೌಟು ಆಡಿಸಿ, "ಹಾಲಿಗೆ ಇನ್ನೂ ನೀರು ಹಾಕೋದು ನನ್ನ ಕೈಲಾಗಲ್ಲ ಮೇಡಂ, ಬೇಕಾದ್ರೆ ನೀವೇ ಬಂದು ಹಾಕಿ" ಅಂದಿದ್ದಳು. ಆದರೆ ಬೇರೆಯವರ ತಟ್ಟೆಯ ವಿಷಯಕ್ಕೆ ಹುಲಿಯಾಗುವವಳು ತನ್ನ ತಟ್ಟೆಯ ವಿಷಯ ಬಂದಾಗ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಗಂಡನ ತಂಗಿ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದಳು. ನಾದಿನಿಯ ಗಂಡ ಭೂಗೋಳದ ಮೇಷ್ಟ್ರು. ಭೂಪಟದ ಮೇಲೆ ಕೋಲಿಟ್ಟು ಮಕ್ಕಳಿಗೆ ಪ್ರಪಂಚ ಸುತ್ತಿಸಿದವರು, ನಿವೃತ್ತಿಯಾದ ಮೇಲೆ ತಾವೇ ಒಂದು ದೇಶವನ್ನಾದರೂ ಕಣ್ಣಾರೆ ನೋಡಬೇಕೆಂದು ಹೊರಟರು. "ಅತ್ತಿಗೆ, ನೀವೂ ಬನ್ನಿ. ಎಷ್ಟು ದಿನ ಅಂತ ಆ ಹೊಗೇಲಿ ಬೇಯ್ತೀರಿ?" ಎಂದು ನಾದಿನಿ ಕರೆದಾಗ ಸೌಟಮ್ಮನ ಕಣ್ಣು ತುಂಬಿ ಬಂತು. ಜ್ವರ ಬಂದಾಗ ಬಿಟ್ಟರೆ ರಜೆ ಎಂಬುದನ್ನು ಕಂಡವಳಲ್ಲ. ಹತ್ತು ದಿನದ ರಜೆ ಬರೆದುಕೊಟ್ಟಳು, ತನ್ನ ಟಿಕೆಟ್ಟನ್ನು ತಾನೇ ತೆಗೆಸಿದಳು, ನಡೆದಾಡಲು ಬೇಕೆಂದು ಬಿಳಿ ಕ್ಯಾನ್ವಾಸ್ ಶೂ ಕೊಂಡಳು.

ಪರದೇಶದಲ್ಲಿ ಇಳಿದುಕೊಂಡದ್ದು ಹೋಟೆಲಿನಲ್ಲಿ ಅಲ್ಲ, ನಾಲ್ಕನೇ ಮಹಡಿಯ ಬಾಡಿಗೆ ಮನೆಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ನಾದಿನಿ ದೊಡ್ಡ ಸೂಟ್‌ಕೇಸ್ ತೆರೆದಳು. ಮೇಲೆ ನಾಲ್ಕು ಬಟ್ಟೆ, ಕೆಳಗೆ ಕುಕ್ಕರ್, ಅಕ್ಕಿ, ಬೇಳೆ, ಖಾರದ ಪುಡಿ, ಎಲ್ಲಕ್ಕಿಂತ ಕೆಳಗೆ ಪೇಪರಿನಲ್ಲಿ ಸುತ್ತಿದ ಒಂದು ಸೌಟು.

"ಇವ್ರಿಗೆ ಹೊರಗಿನ ಊಟ ಆಗಲ್ಲ ಅತ್ತಿಗೆ, ಹೊಟ್ಟೆ ಕೆಡುತ್ತೆ. ನಿಮ್ಮ ಕೈರುಚಿ ಇದ್ದಮೇಲೆ ನಮಗಿನ್ನೇನು ಬೇಕು?" ಎಂದಳು ನಾದಿನಿ.

ಹೊಗಳಿ ಅಟ್ಟ ಹತ್ತಿಸಿ ಏಣಿ ತೆಗೆಯುವುದು ಅಂದರೆ ಇದೇ. ಸೌಟಮ್ಮನಿಗೆ ತನ್ನನ್ನು ಏಕೆ ಕರೆತಂದರು ಎಂದು ತಿಳಿಯಿತು. ತಿಳಿದರೂ ಕೈ ಸುಮ್ಮನಿರಲಿಲ್ಲ, ಅಕ್ಕಿ ತೊಳೆಯಿತು. ಎರಡನೆಯ ದಿನ ಗಂಡ ಹೆಂಡತಿ ಅರಮನೆ ನೋಡಿಬಂದರು, ಇವಳು ಕುಕ್ಕರಿನ ಸೀಟಿ ಎಣಿಸಿದಳು. "ಅರಮನೆ ಹೇಗಿತ್ತು?" ಎಂದು ಕೇಳಿದರೆ ಮೇಷ್ಟ್ರು ಫೋನು ಚಾಚಿದರು. "ಇಲ್ಲೇ ನೋಡಿ, ಎಲ್ಲಾ ಫೋಟೋ ತೆಗೆದಿದೀನಿ. ಅಲ್ಲಿ ಬರೀ ಜನಜಂಗುಳಿ." ಒಂದು ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ ಹಿಡಿದುಕೊಂಡು ಅವಳು ಅರಮನೆ ನೋಡಿದಳು.

ಮೂರನೆಯ ದಿನ ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತು, "ಒಂದು ಗಂಟೆಗೆ ಬರ್ತೀವಿ, ಅನ್ನ ಬಿಸಿ ಇರ್ಲಿ" ಅಂದರು. ಆ ಮಾತು ಅವಳಿಗೆ ನಾಟಿತು. ಹಾಸ್ಟೆಲಿನಲ್ಲಿ ಸಂಬಳ ಕೊಡುವವರೂ ಬಿಸಿ ಇರ್ಲಿ ಎಂದು ಅಪ್ಪಣೆ ಮಾಡಿದ್ದಿಲ್ಲ. ಒಲೆ ಆರಿಸಿದಳು. ಬಿಳಿ ಶೂ ಹಾಕಿಕೊಂಡು ನಾಲ್ಕು ಮಹಡಿ ಇಳಿದಳು.

ರಸ್ತೆಯಾಚೆ ಅಮೆರಿಕದ ಬರ್ಗರ್ ಅಂಗಡಿಯಿತ್ತು. ಅದೇ ಬೋರ್ಡು ಅವಳ ಊರಿನ ಬಸ್ ಸ್ಟ್ಯಾಂಡಿನ ಪಕ್ಕದಲ್ಲೂ ಇತ್ತು. ವರ್ಷಗಟ್ಟಲೆ ಬಸ್ಸಿನ ಕಿಟಕಿಯಿಂದ ನೋಡಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಏನು ಕೇಳಬೇಕೋ, ಹೇಗೆ ಕೇಳಬೇಕೋ, ಯಾರಾದರೂ ನೋಡಿ ನಕ್ಕರೆ? ಇಲ್ಲಿ ನಗುವುದಕ್ಕೆ ಪರಿಚಯದವರೇ ಇರಲಿಲ್ಲ. ನಕ್ಕರೆ ನಗಲಿ ಎಂದು ಬಾಗಿಲು ತಳ್ಳಿದಳು.

ಕೌಂಟರಿನಲ್ಲಿ ಒಂದು ಚಿತ್ರದ ಮೇಲೆ ಬೆರಳಿಟ್ಟಳು, ನೋಟು ಕೊಟ್ಟಳು, ಚಿಲ್ಲರೆ ಮತ್ತು ನಂಬರಿನ ಚೀಟಿ ಪಡೆದಳು. ಭಾಷೆ ಬೇಕಾಗಲೇ ಇಲ್ಲ. ಕೌಂಟರಿನಾಚೆ ಕರಿಯುತ್ತಿದ್ದ ಎಣ್ಣೆಯ ಬಣ್ಣ ನೋಡಿ, ಪರವಾಗಿಲ್ಲ, ಹೊಸ ಎಣ್ಣೆಯೇ ಎಂದು ಮನಸ್ಸಿನಲ್ಲೇ ಸರ್ಟಿಫಿಕೇಟು ಕೊಟ್ಟಳು. ಐದು ನಿಮಿಷಕ್ಕೆ ಅವಳ ನಂಬರು ಬಂತು. ಟ್ರೇ ಹಿಡಿದು ಸೀದಾ ಮೂಲೆಗೆ ಹೋದಳು. ಖಾಲಿ ಟ್ರೇಗಳನ್ನು ಜೋಡಿಸಿಡುವ ಕಟ್ಟೆಯ ಮೇಲೆ ತನ್ನ ಟ್ರೇ ಇಟ್ಟು, ಗೋಡೆಗೆ ಒರಗಿ, ನಿಂತೇ ತಿನ್ನತೊಡಗಿದಳು. ಸುತ್ತ ಇಪ್ಪತ್ತು ಕುರ್ಚಿ ಖಾಲಿ ಇದ್ದವು. ಅವು ತನಗೂ ಸೇರಿದವು ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ.

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು, ಹೆಚ್ಚುಕಡಿಮೆ ಇವಳದೇ ವಯಸ್ಸು, ಕೆಲಸ ನಿಲ್ಲಿಸಿ ನೋಡಿದಳು. ಹತ್ತಿರ ಬಂದು ಏನೋ ಹೇಳಿದಳು. ಇವಳು ಗಾಬರಿಯಿಂದ ಟ್ರೇ ಎತ್ತಿಕೊಂಡಳು, ತೊಳೆದುಕೊಡಬೇಕೇನೋ ಎಂದುಕೊಂಡು. ಆ ಹೆಂಗಸು ತಲೆಯಾಡಿಸಿ, ಒಂದು ಕುರ್ಚಿ ಎಳೆದು, ಅದರ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದಳು.

ಸೌಟಮ್ಮ ಕೂತಳು.

ರುಚಿಯ ಮಾತು ಹೇಳಬೇಕೆಂದರೆ, ಬನ್ನು ಸಪ್ಪೆ, ಒಳಗಿನದು ಉಪ್ಪು, ಸಾಸು ವಿಪರೀತ ಸಿಹಿ. ಅಡುಗೆಯವಳಾಗಿ ಅವಳು ಹತ್ತಕ್ಕೆ ನಾಲ್ಕು ಅಂಕ ಕೊಟ್ಟಳು. ಆದರೆ ಅದು ಬಿಸಿಯಾಗಿತ್ತು. ತಳದ್ದಲ್ಲ, ಉಳಿದದ್ದಲ್ಲ, ಬೇರೆ ಯಾರೋ ಅವಳಿಗೆಂದೇ ಮಾಡಿಕೊಟ್ಟದ್ದು. ತಿನ್ನುತ್ತಾ ತಿನ್ನುತ್ತಾ ಸಂತೋಷವಾಯಿತು, ಅದರ ಹಿಂದೆಯೇ ಕೆಟ್ಟ ಸಿಟ್ಟು ಬಂತು. ಮೂವತ್ತೊಂದು ವರ್ಷ ನಿಂತೇ ಉಂಡ ತನ್ನ ಮೇಲೆಯೇ ಮೊದಲ ಸಿಟ್ಟು. ಕೊನೆಯ ಆಲೂಗಡ್ಡೆ ಕಡ್ಡಿಯವರೆಗೂ ತಿಂದು ಎದ್ದಳು.

ಮನೆಗೆ ಬಂದಾಗ ಮೇಷ್ಟ್ರು ಖಾಲಿ ತಟ್ಟೆಯ ಮುಂದೆ ಕೂತಿದ್ದರು. ಎಲ್ಲಿ ಹೋಗಿದ್ದಳು ಎಂದು ತಿಳಿದ ಕೂಡಲೇ ಪಾಠ ಶುರುವಾಯಿತು. "ಅಲ್ಲಮ್ಮಾ, ಇಷ್ಟು ದೂರ ಬಂದು ಅಮೆರಿಕದವರ ಬರ್ಗರ್ ತಿನ್ನೋದಾ? ಒಂದು ದೇಶಕ್ಕೆ ಹೋದ್ರೆ ಆ ದೇಶದ ಊಟ ಮಾಡ್ಬೇಕು. ಅದು ಸಂಸ್ಕೃತಿ."

"ಹೌದಾ ಮೇಷ್ಟ್ರೇ? ನೀವು ಇಷ್ಟು ದೂರ ಬಂದು ಮನೆ ಅನ್ನಕ್ಕೇ ಕಾಯ್ತಾ ಕೂತಿದೀರಲ್ಲ, ಅದು ಯಾವ ದೇಶದ ಸಂಸ್ಕೃತಿ?"

ನಾದಿನಿಗೆ ನಗು ಬಂತು, ಗಂಡನ ಮುಖ ನೋಡಿ ನುಂಗಿಕೊಂಡಳು.

"ನಾನೂ ರಜೆ ಹಾಕಿ ಬಂದಿದೀನಿ" ಎಂದಳು ಸೌಟಮ್ಮ. "ನಾಳೆಯಿಂದ ಊರು ನೋಡ್ತೀನಿ. ಮಧ್ಯಾಹ್ನ ಅಲ್ಲೇ ತಿಂತೀನಿ. ಆ ಒಲೆ ಮಾತ್ರ ಮುಟ್ಟಲ್ಲ."

ಹೇಳಿದಂತೆಯೇ ನಡೆದಳು. ಅರಮನೆಗೆ ಒಬ್ಬಳೇ ಹೋಗಿಬಂದಳು, ದೋಣಿ ಹತ್ತಿದಳು. ಒಂದು ದಿನ ಬರ್ಗರ್, ಒಂದು ದಿನ ಅಮೆರಿಕದವರದೇ ಪಿಜ್ಜಾ, ಮತ್ತೆ ಬರ್ಗರ್. ಯಾವುದಕ್ಕೂ ಐದಕ್ಕಿಂತ ಹೆಚ್ಚು ಅಂಕ ಬೀಳಲಿಲ್ಲ, ಯಾವುದನ್ನೂ ನಿಂತು ತಿನ್ನಲಿಲ್ಲ. ಬಾಡಿಗೆ ಮನೆಯಲ್ಲಿ ನಾದಿನಿ ಬೇಯಿಸಿದ್ದನ್ನು ಮೇಷ್ಟ್ರು ನೀರು ಕುಡಿದು ಕುಡಿದು ಉಂಡರು.

ಹೊರಡುವ ಹಿಂದಿನ ದಿನ ಬೆಳಗ್ಗೆ ನಿಜವಾದ ಪರೀಕ್ಷೆ ಬಂತು. ಆ ಊರಲ್ಲೇ ನೆಲೆಸಿದ್ದ ತಮ್ಮ ಹಳೆಯ ವಿದ್ಯಾರ್ಥಿಯನ್ನೂ ಅವನ ಹೆಂಡತಿಯನ್ನೂ ಮೇಷ್ಟ್ರು ಮಧ್ಯಾಹ್ನದ ಊಟಕ್ಕೆ ಕರೆದುಬಿಟ್ಟಿದ್ದರು. ನಾದಿನಿ ಕೈ ಹಿಡಿದುಕೊಂಡಳು. "ಇವತ್ತೊಂದಿನ ಅತ್ತಿಗೆ. ಇಲ್ಲಾಂದ್ರೆ ನಮ್ಮ ಮಾನ ಹೋಗುತ್ತೆ."

"ಕರೆಯೋ ಮುಂಚೆ ನನ್ನ ಒಂದ್ಮಾತು ಕೇಳಿದ್ರಾ?"

ನಾದಿನಿ ಹಿಡಿದಿದ್ದ ಕೈ ಬಿಟ್ಟಳು. ಮನೆಗೆ ಬಂದವರನ್ನು ಹಸಿದು ಕಳಿಸುವುದು ಸೌಟಮ್ಮನ ಜಾಯಮಾನವಲ್ಲ. ಕೈ ಸೌಟಿನವರೆಗೂ ಹೋಯಿತು. ಇವತ್ತು ಹಿಡಿದರೆ ಸಾಯುವವರೆಗೂ ಹಿಡಿದಂತೆಯೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೌಟನ್ನು ಅದೇ ಪೇಪರಿನಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಸೇರಿಸಿ, ಶೂ ಹಾಕಿಕೊಂಡಳು. ಮೆಟ್ಟಿಲಿಳಿದು ರಸ್ತೆ ದಾಟಿದಳು.

ಅವಳ ಬರ್ಗರ್ ಅರ್ಧವಾಗಿದ್ದಾಗ ಅಂಗಡಿಯ ಬಾಗಿಲು ತೆರೆದು ನಾಲ್ವರೂ ಒಳಗೆ ಬಂದರು. ಮೇಲಿನ ಮನೆಯಲ್ಲಿ ಅನ್ನ ಸೀದಿತ್ತು, ಆ ವಾಸನೆ ನಾದಿನಿಯ ಸೀರೆಗೂ ಹತ್ತಿತ್ತು. ವಿದ್ಯಾರ್ಥಿಯೇ ಎಲ್ಲರನ್ನೂ ಕೆಳಗೆ ಕರೆತಂದಿದ್ದ. "ಯಾಕೆ ಅಷ್ಟೊಂದು ಬೇಜಾರು ಮೇಷ್ಟ್ರೇ? ನಾವು ವಾರಕ್ಕೆ ಎರಡು ಸಲ ಇಲ್ಲೇ ತಿನ್ನೋದು" ಎಂದು ನಗುತ್ತಾ, ಆರ್ಡರ್ ಕೊಟ್ಟು, ನಂಬರಿನ ಚೀಟಿಯನ್ನು ಮೇಷ್ಟ್ರ ಕೈಗೇ ಕೊಟ್ಟ.

ಜನ್ಮದಲ್ಲಿ ತಾವು ಉಂಡ ತಟ್ಟೆ ಎತ್ತದ ಮೇಷ್ಟ್ರು ನಾಲ್ಕು ಜನರ ಟ್ರೇ ಹೊತ್ತು ಬಂದರು. ಲೋಟಗಳು ಅತ್ತಿತ್ತ ಜಾರುತ್ತಿದ್ದವು. ಅದನ್ನು ಕಂಡು ಸೌಟಮ್ಮನ ಕಾಲು ತಾನಾಗಿಯೇ ಏಳಲು ಹೊರಟಿತು. ಅವಳು ಎರಡೂ ಕೈಯಿಂದ ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು. ಟ್ರೇ ಮೇಜು ಮುಟ್ಟಿದ ಮೇಲೆ, ಇನ್ನೂ ನಿಂತೇ ಇದ್ದ ನಾದಿನಿಯ ಕಡೆ ತಿರುಗಿ, ಪಕ್ಕದ ಕುರ್ಚಿಯನ್ನು ಎರಡು ಸಲ ತಟ್ಟಿದಳು.

"ಕೂತ್ಕೊಳ್ಳೇ. ಅವ್ರು ತಂದಿದಾರಲ್ಲ, ಬಿಸಿ ಇದ್ದಾಗ್ಲೇ ತಿನ್ನು."

ಊರಿಗೆ ಬಂದ ಮೊದಲ ದಿನವೇ ಅವಳು ಹಾಸ್ಟೆಲ್ ಆಫೀಸಿನಿಂದ ಒಂದು ಕುರ್ಚಿಯನ್ನು ತಾನೇ ಹೊತ್ತು ತಂದಳು. ಏನೋ ಕೇಳಲು ಬಾಯಿ ತೆರೆದ ವಾರ್ಡನ್ ಅವಳ ಮುಖ ನೋಡಿ ದಾರಿ ಬಿಟ್ಟರು. ಮಧ್ಯಾಹ್ನ ಹನ್ನೆರಡೂವರೆಯಾದರೂ ಶಟರ್ ಮೇಲೇಳಲಿಲ್ಲ. ಹೊರಗೆ ಸಾಲುನಿಂತ ಹುಡುಗಿಯರು ತಟ್ಟೆ ಬಡಿದರು.

"ಸೌಟಮ್ಮಾ, ಹಸಿವು!"

"ನನಗೂ ಹಸಿವೇ ಕಣ್ರೇ" ಎಂದಿತು ಒಳಗಿನಿಂದ, ತುತ್ತು ತುಂಬಿದ ಬಾಯಿ. "ಹತ್ತು ನಿಮಿಷ ತಾಳ್ರಿ, ಊಟಕ್ಕೆ ಕೂತಿದೀನಿ."