ಏಳು ಹಿಂಬಾಗಿಲು, ಒಬ್ಬರೇ ಚೀಲದಮ್ಮ

"ಈ ಬಾಗಿಲು ಯಾಕಪ್ಪಾ ಹಾಕಿದೆ ಇವತ್ತು?"

ಕೇಳಿಸಿಕೊಳ್ಳಲು ಓಣಿಯಲ್ಲಿ ಯಾರೂ ಇಲ್ಲ. ಬೆಳಗಿನ ಐದೂಕಾಲು ಗಂಟೆ. ರೈಲು ನಿಲ್ದಾಣದ ಬೆನ್ನಿಗಿರುವ ಕಿರಿದಾದ ಓಣಿಯಲ್ಲಿ, ಒಂದು ಹೋಟೆಲಿನ ಹಿಂಬಾಗಿಲ ಮುಂದೆ, ಐವತ್ತು ದಾಟಿದ ಹೆಂಗಸೊಬ್ಬರು ಟಾರ್ಚ್ ಹಿಡಿದು ನಿಂತಿದ್ದಾರೆ. ಒಳಗಿನಿಂದ ಗಂಡಸಿನ ದನಿ ಬರುತ್ತದೆ: "ತೊಳೀತಾ ಇದೀವಿ, ಆಮೇಲೆ ಬಾಮ್ಮ." ಅದು ಅವರ ಅಕ್ಕನ ಗಂಡನ ದನಿ. ಹತ್ತೊಂಬತ್ತು ವರ್ಷಗಳಲ್ಲಿ ಈ ಚಿಲಕ ಅವರ ಮುಖಕ್ಕೆ ಬಿದ್ದದ್ದು ಇದೇ ಮೊದಲು.

ಇವರು ನಿಲ್ದಾಣದ ಲಗೇಜು ಕೋಣೆಯ ಕೆಲಸದವರು. ಕೂಲಿಗಳಿಂದ ಹಿಡಿದು ಟಿಕೆಟ್ ಕೊಡುವವರವರೆಗೆ ಎಲ್ಲರಿಗೂ ಚೀಲದಮ್ಮ. ದಿನಕ್ಕೆ ನೂರಿಪ್ಪತ್ತು ಚೀಲ ಒಳಗಿಟ್ಟು ನೂರಿಪ್ಪತ್ತನ್ನೂ ಹಿಂದಿರುಗಿಸುತ್ತಾರೆ. ಸಂಬಳ ಅಷ್ಟಕ್ಕೇ. ಆದರೆ ಊರು ನೋಡಲು ಬಂದವರು ಚೀಲ ಇಟ್ಟ ಮೇಲೆ ಕೇಳುವ ಮಾತು ಒಂದೇ: "ಮಕ್ಕಳಿದಾರೆ, ಒಳ್ಳೇ ಊಟ ಎಲ್ಲಿ ಸಿಗುತ್ತಮ್ಮಾ?" ಆ ಮಾತಿಗೆ ಉತ್ತರ ಹುಡುಕಲು ಅವರು ದಿನಾ ಕತ್ತಲಿರುವಾಗಲೇ ಏಳು ಹೋಟೆಲುಗಳನ್ನು ಹಿಂದಿನಿಂದ ಸುತ್ತುತ್ತಾರೆ.

"ಮುಂದಿನ ಬಾಗಿಲು ಎಲ್ಲರದ್ದೂ ಚೆಂದಾನೇ. ನಾನು ನೋಡೋದು ನೀರಿನ ಡ್ರಮ್ಮು, ಕರಿದ ಎಣ್ಣೆ, ತಟ್ಟೆ ಒರೆಸೋ ಬಟ್ಟೆ," ಎನ್ನುತ್ತಾರೆ. ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ಮಗು ಅನ್ನ ಚೆಲ್ಲಿದರೆ ಬಡಿಸುವವನು ಸಿಡುಕುತ್ತಾನೋ? ತಾಯಿ ಹಾಲು ಕುಡಿಸಲು ಒಂದು ಮೂಲೆ ಇದೆಯೋ? ಪಾಯಿಖಾನೆಗೆ ಚಿಲಕ ಉಂಟೋ? ಎಲ್ಲ ಒಪ್ಪಿಗೆಯಾದರೆ ಆ ಹೋಟೆಲಿನ ರಟ್ಟಿನ ಚೀಟಿ ಮೇಜಿಗೆ ಬರುತ್ತದೆ. ಚೀಟಿಯ ಒಂದು ಬದಿಗೆ ದಾರಿ, ಇನ್ನೊಂದು ಬದಿಗೆ ಒಂದು ಚಿತ್ರ. ಗಿಣಿ, ದೀಪ, ಬಿಂದಿಗೆ, ಹೀಗೆ. ಭಾವನ ಹೋಟೆಲಿನದು ಕೊಡೆ.

ಈ ಕಾವಲಿನ ಬೇರು ಭಯದಲ್ಲಿದೆ. ಈ ಊರಿಗೆ ಬಂದ ಮೊದಲ ದಿನ ನಿಲ್ದಾಣದ ಹೊರಗೆ ಸಿಕ್ಕಿದ್ದನ್ನು ಮಗನಿಗೆ ತಿನ್ನಿಸಿದ್ದರು. ಅವನಿಗಾಗ ನಾಲ್ಕು ವರ್ಷ. "ಐದು ದಿನ ಆಸ್ಪತ್ರೆ. ಕಣ್ಣು ಒಳಗೆ ಹೋಗ್ಬಿಟ್ಟಿತ್ತು. ಈಗ ನನಗಿಂತ ಎತ್ತರ ಇದಾನೆ, ನನ್ನನ್ನೇ ಗದರಿಸ್ತಾನೆ. ಆದ್ರೆ ಆ ಐದು ದಿನ ಹೋಗಿಲ್ಲ ನೋಡಿ, ನನ್ನ ಹತ್ರಾನೇ ಉಳ್ಕೊಂಡಿವೆ."

ಐದೂ ಮುಕ್ಕಾಲಿಗೆ ಕೋಣೆಗೆ ಮರಳಿದವರು ಮೇಜು ನೋಡಿ ನಿಂತಲ್ಲೇ ನಿಲ್ಲುತ್ತಾರೆ. ಹಿಂದಿನ ಸಂಜೆ ಮಂಡಿ ನೋವೆಂದು, ಬೆಳಗ್ಗೆ ಮತ್ತೆ ಬಗ್ಗುವುದು ಬೇಡವೆಂದು, ಸುತ್ತು ಹಾಕುವ ಮೊದಲೇ ಏಳೂ ಚೀಟಿಗಳನ್ನು ಜೋಡಿಸಿ ಹೋಗಿದ್ದರು. ಈಗ ಆರೇ ಇವೆ.

"ಕೊಡೆ ಎಲ್ಲಿ?"

"ನೀನು ಸುತ್ತಿಗೆ ಹೊರಟ ಕೂಡ್ಲೇ ಕೊಟ್ಟೆನಲ್ಲ," ಎನ್ನುತ್ತಾರೆ ರಾತ್ರಿ ಪಾಳಿಯ ಮೀಸೆ ಮಾವ. "ಗಂಡ, ಹೆಂಡತಿ, ಇಷ್ಟುದ್ದದ ಒಂದು ಹುಡುಗಿ. ಹತ್ತಿರದ್ದು ಬೇಕು ಅಂದ್ರು. ಯಾಕೆ, ನಿನ್ ಭಾವ ಏನು ಮದ್ದು ಹಾಕ್ತಾನಾ?"

"ನಗಬೇಡ ಮಾವ. ಓಡು, ತಡಿ ಅವರನ್ನ."

ರೈಲು ಬಂದಿದೆ, ಕಿಟಕಿಯ ಮುಂದೆ ಸಾಲು ಬೆಳೆಯುತ್ತಿದೆ, ಚೀಲದಮ್ಮ ಕದಲುವಂತಿಲ್ಲ. ಮಾವ ಏದುಸಿರು ಬಿಡುತ್ತಾ ವಾಪಸಾಗುತ್ತಾರೆ. ಆ ಮೂವರೂ ತಿಂದು ಊರು ನೋಡಲು ಹೊರಟಾಗಿದೆ. "ಎಲ್ಲಾ ಸರಿಯಿದೆ ಅಂದ ನಿನ್ ಭಾವ. ಆದ್ರೆ ನನ್ನ ಮುಖ ನೋಡಿ ಹೇಳ್ಲಿಲ್ಲ," ಎನ್ನುತ್ತಾರೆ.

ಆಮೇಲಿನ ಐದು ಗಂಟೆ ಕೈಗಳು ಕೆಲಸ ಮಾಡುತ್ತವೆ, ಕಣ್ಣು ಮಾತ್ರ ಒಂದೇ ಕಡೆ. ಗೂಡಿನಲ್ಲಿ ಆ ಸಂಸಾರದ ನೀಲಿ ಚೀಲವಿದೆ. ಅದರ ಬಾಯಿಂದ ಬಟ್ಟೆಯ ಗೊಂಬೆಯೊಂದರ ಕಾಲು ಹೊರಗೆ ಇಣುಕಿದೆ. ಹೊರಗೆಲ್ಲೋ ಮಗು ಅತ್ತರೆ ತುಟಿ ಅಲುಗುತ್ತದೆ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಸ್ತುತಿಯ ನಾಲ್ಕೇ ಸಾಲು ಸುತ್ತಿ ಸುತ್ತಿ ಬರುತ್ತಿವೆ, ಐದನೆಯದು ನೆನಪಾಗುತ್ತಿಲ್ಲ.

ಹನ್ನೊಂದು ದಾಟಿದ ಮೇಲೆ ಆ ಅಪ್ಪ ಬರುತ್ತಾರೆ. ಹುಡುಗಿ ಹೆಗಲ ಮೇಲೆ ಒರಗಿದ್ದಾಳೆ. ಒಂದು ಕೈ ಜೋತು ಬಿದ್ದಿದೆ.

"ಮಗು..." ಎನ್ನುತ್ತಾ ಚೀಲದಮ್ಮ ಕಿಟಕಿಗೆ ಬಗ್ಗುತ್ತಾರೆ.

"ನಡೆದು ಸುಸ್ತಾಗಿ ಮಲಗಿದಾಳೆ ಅಮ್ಮಾ," ಎಂದು ಹಿಂದೆಯೇ ಬಂದ ತಾಯಿ ನಗುತ್ತಾರೆ. ಚೀಲದಮ್ಮ ಕಿಟಕಿಯಾಚೆ ಕೈ ಚಾಚಿ ಹಣೆ ಮುಟ್ಟುತ್ತಾರೆ. ತಣ್ಣಗಿದೆ. ಆದರೂ ನಡೆದದ್ದನ್ನು ಮುಚ್ಚಿಡುವುದಿಲ್ಲ; ಕಾಯಿಸಿದ ನೀರು ತುಂಬಿಕೊಟ್ಟು ತಮ್ಮ ಫೋನ್ ನಂಬರ್ ಬರೆದುಕೊಡುತ್ತಾರೆ. "ನಾನು ನೋಡದೇ ಕಳಿಸ್ಬಿಟ್ಟೆ, ತಪ್ಪು ನಂದು. ವಾಂತಿ ಗೀಂತಿ ಆದ್ರೆ ಮುಂದಿನ ಸ್ಟೇಷನ್ನಲ್ಲೇ ಇಳಿದು ಡಾಕ್ಟರಿಗೆ ತೋರಿಸಿ. ಊರು ಮುಟ್ಟಿದ ಮೇಲೆ ಒಂದು ಮಾತು ಹೇಳಿ." ತಾಯಿಯ ನಗು ಮಾಯವಾಗುತ್ತದೆ. ಮಗುವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ಹೋಗುತ್ತಾರೆ.

ಮಧ್ಯಾಹ್ನಕ್ಕೆ ಭಾವ ಬರುತ್ತಾರೆ. ಕೆಟ್ಟವರಲ್ಲ; ಅಕ್ಕನ ಕೈಯಲ್ಲಿ ಕಟ್ಟಿಸಿದ ಬುತ್ತಿ ತಂದಿದ್ದಾರೆ. ಕಿಟಕಿಗೆ ಬಗ್ಗಿ ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳುತ್ತಾರೆ: "ನಿನ್ನೆಯಿಂದ ಪಂಪು ಕೆಟ್ಟಿದೆ ಕಣಮ್ಮ. ಡ್ರಮ್ಮಿನ ತಳದ ನೀರಲ್ಲೇ ತಟ್ಟೆ ತೊಳೆದ್ವಿ. ನೀನು ನೋಡಿದ್ರೆ ಬಿಡ್ತೀಯಾ? ಅದಕ್ಕೇ ಬಾಗಿಲು ಹಾಕ್ದೆ."

"ಕುಡಿಯೋಕೆ?"

ಭಾವ ಬುತ್ತಿಯನ್ನು ಕಿಟಕಿಯೊಳಗೆ ತಳ್ಳುತ್ತಾರೆ. "ಸಂಜೆಯೊಳಗೆ ರಿಪೇರಿ ಆಗುತ್ತೆ," ಎನ್ನುತ್ತಾರೆ. "ಮಧ್ಯಾಹ್ನದ ರೈಲಿಗೆ ಜನ ಬರ್ತಾರೆ. ನಿನ್ನ ಚೀಟಿ ಇಲ್ದಿದ್ರೆ ಒಂದು ನರಪಿಳ್ಳೆ ನಮ್ಮ ಕಡೆ ತಲೆ ಹಾಕಲ್ಲ. ಇದೊಂದು ಸಲ ಕೊಡೆ ಹೊರಗಿಡು. ನಿಮ್ಮಕ್ಕನ ಮುಖ ನೋಡಿಯಾದ್ರೂ."

ಚೀಲದಮ್ಮ ಬುತ್ತಿಯನ್ನು ಮೆಲ್ಲಗೆ ಕಿಟಕಿಯಾಚೆಗೆ ಸರಿಸುತ್ತಾರೆ. ಚೀಲ ಒಯ್ಯುವಾಗ ಆ ಅಪ್ಪ ಹಿಂದಿರುಗಿಸಿದ ಕೊಡೆಯ ಚೀಟಿ ಮೇಜಿನ ಖಾನೆಯೊಳಗಿದೆ. ಖಾನೆಯ ಮೇಲೆ ಅವರ ಎಡಗೈ ಒತ್ತಿ ಕೂತಿದೆ. ಬಲಗೈಯಲ್ಲಿ ಫೋನು. ಅದು ಇನ್ನೂ ಮೊಳಗಿಲ್ಲ.

"ಇಡಲ್ಲ, ಭಾವ."